ಆಕ್ಲೆಂಡ್ ಮುಟ್ಟುವ ತನಕ ಕಿತ್ತೂರಿನಲ್ಲಿ ಕಸ ಹೊಡೆಯತಕ್ಕದ್ದಲ್ಲ

ಇಲಾಖಾ ಕಾರ್ಯಾಲಯ, ಬೈಲಹೊಂಗಲ ಉಪವಿಭಾಗ
(ಇಲಾಖೆಯ ಹೆಸರು ಮಂಜೂರಾತಿಯ ಹಂತದಲ್ಲಿರುತ್ತದೆ)
ಕ್ಯಾಂಪ್: ಕಿತ್ತೂರು (ಊಟದ ಅನುಕೂಲದ ದೃಷ್ಟಿಯಿಂದ)

ಸಂಖ್ಯೆ: ನೆಲ/ಮುಗಿಲು/ಬರಿಗಿ/೧೪/೨೦೨೫-೨೬
ದಿನಾಂಕ: ಸೋಮವಾರ, ಊಟದ ನಂತರ

ಸುತ್ತೋಲೆ

ವಿಷಯ: ಮನೆಯ ಸದಸ್ಯರು ವಿಮಾನದಲ್ಲಿ ಪರಸ್ಥಳಕ್ಕೆ ತೆರಳಿದಾಗ ಅವರು ಮುಟ್ಟುವ ತನಕ ಕಸ ಹೊಡೆಯದಿರುವ ರೂಢಿಗೆ ಸಂಬಂಧಿಸಿದಂತೆ, ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಹಾಗೂ ಪ್ರಯಾಣದ ಅವಧಿಯನ್ನು ನಿಷ್ಕರ್ಷಿಸುವ ಕುರಿತು.

ಉಲ್ಲೇಖ:
(೧) ಶ್ರೀಮತಿ ನಾಗರತ್ನಾ, ಖಾನಾವಳಿ, ಸರ್ವಿಸ್ ರಸ್ತೆ, ಕಿತ್ತೂರು, ಇವರ ಮೌಖಿಕ ಮನವಿ, ಶನಿವಾರ ಬೆಳಿಗ್ಗೆ.
(೨) ಶ್ರೀಮತಿ ಬಾಯವ್ವ, ಸದರಿಯವರ ಅತ್ತೆ, ಅದೇ ಖಾನಾವಳಿಯ ಹೊಸ್ತಿಲು, ಇವರ ಮೌಖಿಕ ತಕರಾರು, ಶನಿವಾರ ಅದಕ್ಕೂ ಮುಂಚೆ.
(೩) ಒಂದು ಜಾಲತಾಣ.

ಪ್ರಸ್ತಾವನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳಲ್ಲಿ ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವ ತನಕ ಹಿಂದಿನಿಂದ ಕಸ ಹೊಡೆಯಬಾರದೆಂಬ ರೂಢಿ ಇರುವುದು ಸರಿಯಷ್ಟೆ. ಹೊಡೆದರೆ ಕಸದ ಜೊತೆಗೆ ಹೋದವರನ್ನೂ ಗುಡಿಸಿ ಹಾಕಿದಂತಾಗುತ್ತದೆ ಎಂಬುದು ಇದರ ಹಿಂದಿನ ತಾಂತ್ರಿಕ ಕಾರಣವಾಗಿರುತ್ತದೆ.

ನೆಲದ ಮೇಲಿನ ಪ್ರಯಾಣಕ್ಕೆ ಸಂಬಂಧಿಸಿದಂತೆ ಈ ರೂಢಿಯಿಂದ ಈವರೆಗೆ ಯಾರಿಗೂ ತೊಂದರೆಯಾಗಿರುವುದಿಲ್ಲ. ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋದವರು ಮುಟ್ಟುವಷ್ಟರಲ್ಲಿ ಮನೆಯಲ್ಲಿ ಹಿಟ್ಟು ನಾದಿ ಮುಗಿದಿರುತ್ತದೆ. ಸವದತ್ತಿಗೆ ಹೋದವರು ಮುಟ್ಟುವಷ್ಟರಲ್ಲಿ ರೊಟ್ಟಿ ಬಡಿದಾಗಿರುತ್ತದೆ. ರಾಮದುರ್ಗಕ್ಕೆ ಹೋದವರು, ಬಸ್ಸು ಕೆಟ್ಟರೂ, ದೀಪ ಹಚ್ಚುವ ಮುಂಚೆ ಮುಟ್ಟಿಯೇ ಮುಟ್ಟುತ್ತಾರೆ. ಹೀಗೆ ದೂರವೂ ಕಸವೂ ಒಂದಕ್ಕೊಂದು ಹೊಂದಿಕೊಂಡು ಬಂದಿರುತ್ತವೆ. ವಿಮಾನವು ಈ ಹೊಂದಾಣಿಕೆಯನ್ನು ಕೆಡಿಸಿರುವುದು ಇಲಾಖೆಯ ಗಮನಕ್ಕೆ ಬಂದಿದೆ.

ಪ್ರಕರಣದ ಸಂಗತಿ ಇಂತಿದೆ. ಕಿತ್ತೂರಿನ ಸರ್ವಿಸ್ ರಸ್ತೆಯಲ್ಲಿ ದುಂಡಪ್ಪ ಎಂಬವರ ಖಾನಾವಳಿ ಇರುತ್ತದೆ. ಮುಂದೆ ಊಟದ ಕೋಣೆ, ಹಿಂದೆ ಮನೆ. ಎರಡಕ್ಕೂ ಸೇರಿ ಒಂದು ಹೊಸ್ತಿಲು, ಕಸ ಹೊಡೆಯಲು ಒಂದು ಬರಿಗಿ. ರೊಟ್ಟಿ ಬಡಿಯುವವರು ದುಂಡಪ್ಪನವರ ಪತ್ನಿ ಬಾಯವ್ವ. ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕುಳಿತುಕೊಳ್ಳುವವರು ಮಗ ಮಹಾದೇವ. ಉಳಿದೆಲ್ಲ ಕೆಲಸ ಸೊಸೆ ನಾಗರತ್ನಾ ಅವರದು. ದುಂಡಪ್ಪನವರ ಮಗಳು ಉಮಾಶ್ರೀ ಗಂಡನೊಂದಿಗೆ ನ್ಯೂಜಿಲೆಂಡಿನ ಆಕ್ಲೆಂಡ್ ಹತ್ತಿರ ಹೈನು ನಡೆಸುತ್ತಿದ್ದು, ಅಲ್ಲಿ ನಾಲ್ಕುನೂರು ಆಕಳುಗಳನ್ನು ಇಬ್ಬರೇ ಹಿಂಡುತ್ತಾರೆಂಬ ಸುದ್ದಿ ಬಂದಿರುತ್ತದೆ. ಇದನ್ನು ಕೇಳಿದ ದುಂಡಪ್ಪನವರು, "ಕಣ್ಣಿಲೆ ನೋಡೂ ತನಕ ನಾ ನಂಬಾಂವಲ್ಲ. ಮಗಳಾದ್ರೂ ಅಷ್ಟ, ಅಳಿಯಾದ್ರೂ ಅಷ್ಟ," ಎಂದು ಹೇಳಿ, ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿ, ಶುಕ್ರವಾರ ಮಧ್ಯಾಹ್ನ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಒಬ್ಬರೇ ಹೊರಟಿರುತ್ತಾರೆ.

ಮರುದಿನ, ಅಂದರೆ ಶನಿವಾರ ಹನ್ನೊಂದಕ್ಕೆ, ದೂರ ಪ್ರಯಾಣದ ಬಸ್ಸುಗಳು ಈ ಖಾನಾವಳಿಯಲ್ಲಿ ಊಟಕ್ಕೆ ನಿಲ್ಲಬಹುದೇ ಎಂದು ನೋಡಲು ಬಸ್ಸಿನವರ ತಪಾಸಣಾ ತಂಡ ಬರುವುದಿತ್ತು. ಹೆದ್ದಾರಿಗೆ ಮೇಲ್ಸೇತುವೆಯಾದಾಗಿನಿಂದ ಗಾಡಿಗಳು ಖಾನಾವಳಿಯ ತಲೆಯ ಮೇಲಿಂದ ಹೋಗುತ್ತಿದ್ದು, ಕೆಳಗಿಳಿದು ಬಂದು ಉಣ್ಣುವವರು ಕಡಿಮೆಯಾಗಿರುತ್ತಾರೆ. ಬಸ್ಸು ನಿಂತರೆ ಖಾನಾವಳಿ ನಡೆಯುತ್ತದೆ, ಇಲ್ಲದಿದ್ದರೆ ದೀಪಾವಳಿಗೆ ಬಾಗಿಲು ಎಂದು ಮನೆಯಲ್ಲಿ ಮಾತಾಗಿತ್ತು. ಈ ತಂಡವನ್ನು ಕರೆಸಲು ನಾಗರತ್ನಾ ಅವರು ಎರಡು ವರ್ಷ ಕಚೇರಿ ತಿರುಗಿರುತ್ತಾರೆ.

ಈ ಇಲಾಖೆಯ ಸಿಬ್ಬಂದಿಯು ಸದರಿ ಖಾನಾವಳಿಯಲ್ಲಿಯೇ ನಿತ್ಯ ಊಟ ಮಾಡುವುದಕ್ಕೂ ಈ ಸುತ್ತೋಲೆಗೂ ಯಾವುದೇ ಸಂಬಂಧವಿರುವುದಿಲ್ಲ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಶನಿವಾರ ಬೆಳಗಿನ ನಾಷ್ಟಾ ದೊರೆಯದ ಕಾರಣ ಇನ್ನೂ ತೀವ್ರವಾಗಿ ಪರಿಶೀಲಿಸಿ, ನಾಲ್ಕೂ ತಾಲೂಕಿನ ಸಾರ್ವಜನಿಕರಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಹೊರಡುವ ಕುರಿತು

೧.೧ ಊರಿಗೆ ಹೊರಟು ನಿಂತವರನ್ನು "ಎಲ್ಲಿಗೆ" ಎಂದು ಯಾರೂ ಕೇಳತಕ್ಕದ್ದಲ್ಲ. ಕೇಳಲೇಬೇಕೆಂಬ ಒತ್ತಡವಿದ್ದಲ್ಲಿ "ದೂರ ಹೊಂಟ್ರೇನ್ರಿ" ಎಂದು ಕೇಳಬಹುದು. ಅದಕ್ಕೆ ಹೊರಟವರು "ಇಲ್ಲೇ" ಎಂದಷ್ಟೇ ಉತ್ತರಿಸತಕ್ಕದ್ದು.

೧.೨ ಈ ನಿಯಮದ ಅರಿವಿಲ್ಲದೆ ನಿಲ್ದಾಣದ ಕೌಂಟರಿನಲ್ಲಿದ್ದ ಹೆಣ್ಣುಮಗಳು ದುಂಡಪ್ಪನವರನ್ನು, "ಎಲ್ಲಿಗೆ ಹೊಂಟೀರಿ ಅಜ್ಜಾರ?" ಎಂದು ಕೇಳಿರುತ್ತಾರೆ. ದುಂಡಪ್ಪನವರು ಮರುಮಾತಾಡದೆ ಹಿಂದಿರುಗಿ, ಕುರ್ಚಿಯ ಮೇಲೆ ಕುಳಿತು, ನೀರು ಕುಡಿದು, ಹೊಸದಾಗಿ ಎದ್ದು ಮತ್ತೆ ಸಾಲಿನ ಕೊನೆಗೆ ನಿಂತಿರುತ್ತಾರೆ. ಅಷ್ಟರಲ್ಲಿ ಕಳಿಸಲು ಬಂದಿದ್ದ ಮಹಾದೇವ ಗಾಜಿನ ಆಚೆಯಿಂದ ಕೈಸನ್ನೆ ಮಾಡಿ ವಿಷಯ ತಿಳಿಸಿದ್ದರಿಂದ, ಎರಡನೆಯ ಸಲ ಆ ಹೆಣ್ಣುಮಗಳು, "ದೂರ ಹೊಂಟ್ರೇನ್ರಿ?" ಎಂದು ಸರಿಯಾಗಿ ಕೇಳಿರುತ್ತಾರೆ. ದುಂಡಪ್ಪನವರು, "ಇಲ್ಲೇ ಸನೇದಾಗವಾ," ಎಂದು ಉತ್ತರಿಸಿ ಆಕ್ಲೆಂಡಿನ ಟಿಕೇಟು ಮುಂದಿಟ್ಟಿರುತ್ತಾರೆ.

೧.೩ ಆದುದರಿಂದ "ಇಲ್ಲೇ" ಎಂಬ ಶಬ್ದದ ಗರಿಷ್ಠ ವ್ಯಾಪ್ತಿಯನ್ನು ಹನ್ನೆರಡು ಸಾವಿರ ಕಿಲೋಮೀಟರಿಗೆ ವಿಸ್ತರಿಸಿ ಆದೇಶಿಸಲಾಗಿದೆ. ಅದಕ್ಕೂ ಮೀರಿ ಹೋಗುವವರು "ಇಲ್ಲೇ, ಸ್ವಲ್ಪ ಆಚೀಕ" ಎನ್ನತಕ್ಕದ್ದು.

೨. ದೂರದ ಕುರಿತು

೨.೧ ಉಲ್ಲೇಖ (೩)ರ ಜಾಲತಾಣಕ್ಕೆ ಭೂಮಿಯ ಮೇಲಿನ ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ, ನಡುವಿನ ದೂರವನ್ನೂ ಹಾರಲು ತಗಲುವ ಹೊತ್ತನ್ನೂ ಅದು ದಪ್ಪ ಅಕ್ಷರದಲ್ಲಿ ಹೇಳುತ್ತದೆ. ಸಾಂಬ್ರಾ ಮತ್ತು ಆಕ್ಲೆಂಡ್ ಎಂದು ಕೊಟ್ಟಾಗ, ಸುಮಾರು ಹನ್ನೆರಡು ಸಾವಿರ ಕಿಲೋಮೀಟರು, ಸುಮಾರು ಹದಿನಾಲ್ಕು ತಾಸು ಎಂದು ಹೇಳಿರುತ್ತದೆ. ಆ ಎರಡರ ನಡುವೆ ನೇರ ವಿಮಾನ ಇದೆಯೇ ಎಂಬುದನ್ನು ಅದು ಹೇಳಿರುವುದಿಲ್ಲ. ಅದನ್ನು ಯಾರೂ ಕೇಳಿಯೂ ಇರುವುದಿಲ್ಲ.

೨.೨ ದುಂಡಪ್ಪನವರ ಟಿಕೇಟಿನಲ್ಲಿ ಮುಂಬೈಯಲ್ಲಿ ಇಳಿದು ಹತ್ತುವುದು, ಸಿಂಗಾಪುರದಲ್ಲಿ ಇಳಿದು ಹತ್ತುವುದು, ಎರಡೂ ಕಡೆ ಕಾಯುವುದು ಎಲ್ಲವೂ ಸಣ್ಣ ಅಕ್ಷರದಲ್ಲಿ ನಮೂದಾಗಿತ್ತು. ಟಿಕೇಟು ಕೈಯಲ್ಲಿದ್ದರೂ ಮಹಾದೇವ ಜಾಲತಾಣದ ದಪ್ಪ ಅಕ್ಷರವನ್ನೇ ನಂಬಿ, "ಹದಿನಾಕ ತಾಸು ಅಷ್ಟ. ಬೆಳಗಾಗೂದ್ರಾಗ ಅಪ್ಪ ಅಲ್ಲೆ ಆಕಳ ಮುಂದ ನಿಂತಿರ್ತಾನ," ಎಂದು ಮನೆಯಲ್ಲಿ ಸಾರಿರುತ್ತಾರೆ. ಈ ಮಾತಿನ ಮೇಲೆಯೇ ನಾಗರತ್ನಾ ಅವರು ತಪಾಸಣಾ ತಂಡಕ್ಕೆ ಶನಿವಾರ ಬರಲು ಒಪ್ಪಿಗೆ ಕೊಟ್ಟಿರುತ್ತಾರೆ.

೨.೩ ಜಾಲತಾಣದ ದೂರವು ಸರಳ ರೇಖೆಯ ದೂರವಾಗಿರುತ್ತದೆ. ಕಿತ್ತೂರಿನಿಂದ ಬೈಲಹೊಂಗಲಕ್ಕೂ ಈವರೆಗೆ ಯಾರೂ ಸರಳ ರೇಖೆಯಲ್ಲಿ ಹೋದ ದಾಖಲೆ ಲಭ್ಯವಿರುವುದಿಲ್ಲ. ನಡುವೆ ಒಂದು ಚಹಾ, ಒಬ್ಬರು ಬೀಗರು, ಬಾಕಿ ಉಳಿದ ಒಂದು ಮಾತು ಅಡ್ಡ ಬಂದೇ ಬರುತ್ತವೆ. ಕಾರಣ, ಇನ್ನು ಮುಂದೆ ಜಾಲತಾಣ ಹೇಳಿದ ತಾಸುಗಳನ್ನು ಮೊದಲು ಇಮ್ಮಡಿ ಮಾಡತಕ್ಕದ್ದು. ಅದಕ್ಕೆ ಪರದೇಶದ ನಿಲ್ದಾಣದಲ್ಲಿ ಪಾಯಖಾನೆ ಹುಡುಕುವ ಹೊತ್ತನ್ನು ಕೂಡಿಸತಕ್ಕದ್ದು. ಬಂದ ಮೊತ್ತವನ್ನು ಯಾರಿಗೂ ಹೇಳತಕ್ಕದ್ದಲ್ಲ.

೩. "ಮುಟ್ಟುವುದು" ಎಂಬ ಪದದ ವ್ಯಾಖ್ಯೆ

(ಅ) ವಿಮಾನದ ಗಾಲಿ ನೆಲ ಮುಟ್ಟಿದ್ದನ್ನು ಮನುಷ್ಯ ಮುಟ್ಟಿದ್ದೆಂದು ಪರಿಗಣಿಸತಕ್ಕದ್ದಲ್ಲ.

(ಆ) ಮೊಬೈಲಿನ ನಕಾಶೆಯಲ್ಲಿ ಹರಿದಾಡುವ ವಿಮಾನದ ಚಿತ್ರವನ್ನು ಸಾಕ್ಷಿಯಾಗಿ ಹಾಜರುಪಡಿಸತಕ್ಕದ್ದಲ್ಲ. ಶನಿವಾರ ಬೆಳಿಗ್ಗೆ ಮಹಾದೇವ ಇಂಥದೊಂದು ಚಿತ್ರವನ್ನು ತಾಯಿಗೆ ತೋರಿಸಿದಾಗ ಬಾಯವ್ವ ಅವರು, "ಇದು ಇಮಾನದ ಚಿತ್ರಾ ಆತು. ಇದರಾಗ ನಿಮ್ಮಪ್ಪ ಯಾವ ಕಿಡಕ್ಯಾಗ ಅದಾನ ತೋರ್ಸು," ಎಂದು ಕೇಳಿದ್ದು, ಮಹಾದೇವ ಅವರು ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದರೂ ಕಿಟಕಿ ಕಂಡುಬಂದಿರುವುದಿಲ್ಲ.

(ಇ) "ಮುಟ್ಟಿರಬೇಕು", "ಮುಟ್ಟಿದಂಗ ಅಂತ ತಿಳಕೋ", "ಇಷ್ಟೊತ್ತಿಗೆ ಮುಟ್ಟದೆ ಎಲ್ಲಿ ಹೋಗತಾರ" ಇವುಗಳನ್ನು ಮುಟ್ಟುವಿಕೆಯೆಂದು ಸ್ವೀಕರಿಸಲಾಗುವುದಿಲ್ಲ. ಕೊನೆಯದನ್ನು ಹೇಳುವುದೇ ಅಪಶಕುನವಾಗಿರುತ್ತದೆ.

(ಈ) ಹೋದವರು ತಮ್ಮ ಬಾಯಿಂದ, ತಮ್ಮ ದನಿಯಲ್ಲಿ "ಮುಟ್ಟೇನಿ" ಎಂದು ಹೇಳಿ, ಚಹಾ ಆಯಿತೇ ಎಂಬ ಪ್ರಶ್ನೆಗೆ ಉತ್ತರಿಸಿದಾಗ ಮಾತ್ರ ಮುಟ್ಟುವಿಕೆ ಪೂರ್ಣಗೊಳ್ಳುತ್ತದೆ. ಉತ್ತರ ಹೌದು ಎಂದೇ ಇರಬೇಕೆಂದಿಲ್ಲ.

ಈ ವ್ಯಾಖ್ಯೆಯನ್ನು ನಾಗರತ್ನಾ ಅವರು ಶನಿವಾರ ಬೆಳಿಗ್ಗೆ ಒಪ್ಪಿರಲಿಲ್ಲವೆಂಬುದನ್ನು ದಾಖಲಿಸಲಾಗಿದೆ. ಅವರು ಕೈಯಲ್ಲಿ ಬರಿಗಿ ಹಿಡಿದು, ಕಸ ಹೊರಗೆ ಹೋಗದಂತೆ ಹೊಸ್ತಿಲ ಮೇಲೆ ಕುಳಿತಿದ್ದ ಅತ್ತೆಗೆ, "ಅತ್ತೀ, ಹದಿನಾಕ ತಾಸು ಯಾವಾಗೋ ಆಗಿ ಹೋದ್ವು. ಮಾವಾರು ಮುಟ್ಟಿ, ಜಳಕಾ ಮಾಡಿ, ಆಕಳಾ ಎಣಸಾಕತ್ತಿರ್ತಾರ. ನೀವು ಸ್ವಲ್ಪ ಹೊಸ್ತಲಾ ಬಿಟ್ಟು ಏಳ್ರಿ," ಎಂದು ವಿನಂತಿಸಿರುತ್ತಾರೆ. ಬಾಯವ್ವ ಅವರು, "ನಿಮ್ಮ ಮಾವಾರು ಜಳಕದ ನೀರು ಕಾದಿಲ್ಲಂದ್ರ ಓಣಿಗೆಲ್ಲಾ ಕೇಳೂ ಹಂಗ ಒದರಾವ್ರು. ಅಂಥಾವ್ರು ಸಮುದ್ರಾ ದಾಟಿ ಮುಟ್ಟಿ ಸುಮ್ಮ ಕುಂದರ್ತಾರೇನು?" ಎಂದು ಹೇಳಿ ಹೊಸ್ತಿಲ ಮೇಲೆ ಇನ್ನಷ್ಟು ಅಗಲವಾಗಿ ಕುಳಿತಿರುತ್ತಾರೆ. ದುಂಡಪ್ಪನವರ ಮೊಬೈಲು ದೇಶ ಬಿಟ್ಟ ಮೇಲೆ ನಡೆಯದ ಕಾರಣ, ಉಮಾಶ್ರೀ ಅವರು ಭೇಟಿಯಾಗುವ ತನಕ ದನಿ ಬರುವ ಸಾಧ್ಯತೆ ಇರಲಿಲ್ಲ.

೪. ಎರಡು ಊರಿನ ಗಡಿಯಾರದ ಕುರಿತು

೪.೧ ಮನೆಯಲ್ಲಿ ಬೆಳಿಗ್ಗೆ ಇದ್ದಾಗ ಪರದೇಶದಲ್ಲಿ ಸಂಜೆ ಇರುವುದು ಕಂಡುಬಂದಲ್ಲಿ, ಅದನ್ನು ವಾದಕ್ಕೆ ಬಳಸತಕ್ಕದ್ದಲ್ಲ. ಮಹಾದೇವ ಇದನ್ನು ಬಳಸಿ ಸೋತಿರುತ್ತಾರೆ. ಅವರು, "ಯವ್ವಾ, ಅಲ್ಲೆ ಹೊತ್ತು ನಮಗಿಂತಾ ಮುಂದ ಐತಿ. ಈಗಾಗಲೆ ಸಂಜಿ ಆಗಾಕ ಬಂತು," ಎಂದಾಗ ಬಾಯವ್ವ ಅವರು, "ಹಂಗಾರ ಮುಗೀತಲ್ಲ. ಸಂಜಿ ಮುಂದ ಯಾರರ ಕಸಾ ಹೊಡೀತಾರೇನು?" ಎಂದು ಕೇಳಿದ್ದು, ಮಹಾದೇವ ಗಲ್ಲೆಗೆ ಹಿಂದಿರುಗಿರುತ್ತಾರೆ.

೪.೨ ಗೊಂದಲ ನಿವಾರಣೆಗಾಗಿ ಸ್ಪಷ್ಟಪಡಿಸುವುದೇನೆಂದರೆ, ಬರಿಗಿ ಯಾವ ಊರಿನಲ್ಲಿರುತ್ತದೆಯೋ ಆ ಊರಿನ ಹೊತ್ತೇ ಅನ್ವಯವಾಗುತ್ತದೆ. ಆ ಊರಿನಲ್ಲಿ ದೀಪ ಹಚ್ಚಿದ ಮೇಲೆ ದನಿ ಬಂದರೂ ಕಸ ಹೊಡೆಯುವುದು ಮರುದಿನಕ್ಕೇ.

೫. ಬರಿಗಿಗೆ ಬದಲಿ ವ್ಯವಸ್ಥೆ

ಶುಕ್ರವಾರ ಉಂಡುಹೋದವರು ಬಿಟ್ಟ ಉಳ್ಳಾಗಡ್ಡಿ ಸಿಪ್ಪೆ, ಶೇಂಗಾ ಹೊಟ್ಟು, ರೊಟ್ಟಿಯ ಚೂರು, ಬಳಸಿ ಬಿಸಾಡಿದ ಕಾಗದ ಇತ್ಯಾದಿ ಶನಿವಾರವೂ ನೆಲದ ಮೇಲಿದ್ದು, ತಂಡ ಬರುವ ಹೊತ್ತು ಹತ್ತಿರವಾದಂತೆ ಈ ಕೆಳಗಿನ ಪ್ರಯೋಗಗಳು ನಡೆದಿರುತ್ತವೆ. ಪ್ರತಿಯೊಂದರ ಬಗ್ಗೆ ಇಲಾಖೆಯ ನಿಲುವನ್ನು ಪ್ರಕಟಿಸಲಾಗಿದೆ.

(ಅ) ಕೈಯಿಂದ ಆರಿಸುವುದು: ನಾಗರತ್ನಾ ಅವರು ಸಿಪ್ಪೆಗಳನ್ನು ಒಂದೊಂದಾಗಿ ಬೆರಳಿನಿಂದ ಆರಿಸಿದರು. "ಆರಸೂದು ಕಸಾ ಹೊಡದಂಗಲ್ಲ," ಎಂದು ಬಾಯವ್ವ ಅವರೂ ಒಪ್ಪಿದರು. ಇದಕ್ಕೆ ಅನುಮತಿ ಇದೆ. ಆದರೆ ಶೇಂಗಾ ಹೊಟ್ಟನ್ನು ಆರಿಸಿ ಮುಗಿಸಿದ ಮನುಷ್ಯರು ಈವರೆಗೆ ಇಲಾಖೆಗೆ ಭೇಟಿಯಾಗಿರುವುದಿಲ್ಲ.

(ಆ) ಪಂಖಾ: ಮಹಾದೇವ ಪಂಖಾವನ್ನು ಪೂರ್ತಿ ಜೋರಿನಲ್ಲಿ ಹಚ್ಚಿ, ಕಸ ತಾನಾಗಿಯೇ ಎದ್ದು ಹೋದರೆ ಯಾರ ಮೇಲೂ ಬರುವುದಿಲ್ಲ ಎಂದು ವಾದಿಸಿದರು. ಕಸ ಎದ್ದಿತು. ಹೋಗಲಿಲ್ಲ. ಮೂಲೆಯಲ್ಲಿದ್ದದ್ದು ಮೇಜಿನ ಮೇಲೆ ಬಂದು ಕುಳಿತಿತು. ಪಂಖಾವನ್ನು ಈ ಮೂಲಕ ನಿಷೇಧಿಸಲಾಗಿದೆ.

(ಇ) ಆಡು: ಪಕ್ಕದ ಪಂಕ್ಚರ್ ಅಂಗಡಿಯ ಪರಶು ಅವರ ಆಡನ್ನು, ಅದು ಸಿಪ್ಪೆಯನ್ನೆಲ್ಲ ತಿಂದು ಹೋಗುತ್ತದೆಂಬ ಭರವಸೆಯ ಮೇಲೆ ಒಳಗೆ ಬಿಡಲಾಯಿತು. ಆಡನ್ನು ಬರಿಗಿಯೆಂದು ಪರಿಗಣಿಸುವಂತಿಲ್ಲವಾದ್ದರಿಂದ ಬಾಯವ್ವ ಅವರೂ ತಕರಾರು ಮಾಡಲಿಲ್ಲ. ಸದರಿ ಆಡು ಸಿಪ್ಪೆಯನ್ನು ಮೂಸಿ ನೋಡಿ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮುಂದಿನ ಮೂರು ತಿಂಗಳನ್ನು ತಿಂದಿರುತ್ತದೆ. ಆಡು ಬರಿಗಿಯಲ್ಲದಿದ್ದರೂ, ಅದು ನೆಲದ ಮೇಲೆ ಬಿಟ್ಟದ್ದು ಕಸವೇ ಎಂದು ಸ್ಪಷ್ಟಪಡಿಸಲಾಗಿದೆ.

೬. ವಿಮಾನದ ಒಳಗಿನ ಕಸ

ಹಾರುತ್ತಿರುವ ವಿಮಾನದಲ್ಲಿ ಎಲ್ಲರೂ ಹೊರಟವರೇ, ಮುಟ್ಟಿದವರು ಯಾರೂ ಇಲ್ಲ. ಆದ್ದರಿಂದ ಅದರೊಳಗೆ ಕಸ ತೆಗೆಯುವುದು ಸರ್ವಥಾ ಸಲ್ಲದು. ಊಟದ ನಂತರ ಚೀಲ ಹಿಡಿದು ಬಂದ ವಿಮಾನದ ಸಿಬ್ಬಂದಿಗೆ ದುಂಡಪ್ಪನವರು, "ಇಳಿದ ಮ್ಯಾಲ ಕೊಡತೇನವಾ, ಈಗ ಬ್ಯಾಡ," ಎಂದು ಕನ್ನಡದಲ್ಲಿಯೇ ತಿಳಿಸಿ, ಕರದಂಟಿನ ಕಾಗದ, ಕಾಗದದ ಬಟ್ಟಲು ಹಾಗೂ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರ ಬಟ್ಟಲನ್ನೂ ನಿಲುವಂಗಿಯ ಜೇಬಿನಲ್ಲಿಟ್ಟು ಆಕ್ಲೆಂಡಿನ ತನಕ ಒಯ್ದಿರುತ್ತಾರೆ. ಇದು ನಂತರ ತಿಳಿದುಬಂದಿದ್ದು, ಇಲಾಖೆಯು ಪ್ರಶಂಸೆಯನ್ನು ದಾಖಲಿಸುತ್ತದೆ.

೭. ತಪಾಸಣಾ ತಂಡ ಬಂದಾಗ ಅನುಸರಿಸಬೇಕಾದ ಕ್ರಮ

೭.೧ ತಂಡ ಹನ್ನೊಂದಕ್ಕೆ ಸರಿಯಾಗಿ ಬಂದಿರುತ್ತದೆ. ಮುಖ್ಯಸ್ಥರು ಗೌರೀಶ ಎಂಬವರು, ರಾಮದುರ್ಗದವರು. ಜೊತೆಗೆ ಇಬ್ಬರು ಸಹಾಯಕರು. ನಾಗರತ್ನಾ ಅವರು ತಂಡವನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದು ಅಡುಗೆ ಮನೆ, ನೀರಿನ ಟಾಕಿ, ತಿಕ್ಕಿಟ್ಟ ಪಾತ್ರೆಗಳನ್ನು ತೋರಿಸಿ, "ಸಾಹೇಬ್ರ, ನೆಲಾ ಒಂದ ಬಿಟ್ಟು ಉಳದದ್ದೆಲ್ಲಾ ನೋಡ್ರಿ," ಎಂದು ಕೋರಿರುತ್ತಾರೆ. ಗೌರೀಶ ಅವರು, "ನೆಲಾ ಬಿಟ್ಟು ನೋಡಾಕ ನಾ ಏನ ಇಮಾನದಾಗ ಬಂದೇನೇನ್ರಿ ಅಕ್ಕಾರ?" ಎಂದು ಹೇಳಿ ಊಟದ ಕೋಣೆಗೆ ಬಂದು, ಅಲ್ಲಿ ಕ್ಯಾಲೆಂಡರು ಮೆಲುಕು ಹಾಕುತ್ತಿದ್ದ ಆಡನ್ನು ಕಂಡು, "ಇವರೂ ದಿನಾ ಇಲ್ಲೇ ಉಣ್ಣಾವ್ರೇನು?" ಎಂದು ವಿಚಾರಿಸಿರುತ್ತಾರೆ. ಪ್ರಶ್ನೆಯನ್ನು ಕೇಳುವಾಗ ಅವರು ಈ ಇಲಾಖೆಯ ಸಿಬ್ಬಂದಿ ಕುಳಿತಿದ್ದ ದಿಕ್ಕಿಗೂ ನೋಡಿದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೭.೨ ಈ ಹಂತದಲ್ಲಿ ನಾಗರತ್ನಾ ಅವರ ದನಿ ಇಳಿದಿರುತ್ತದೆ. "ಅತ್ತೀ, ಒಂದ ಸರ್ತಿ ಏಳ್ರಿ. ಇವರು ಇವತ್ತ ಹೋದ್ರಂದ್ರ ತಿರಗಿ ಬರಾಂಗಿಲ್ಲ. ಆಮ್ಯಾಲ ಹೊಡಿಯಾಕ ಕಸಾನೂ ಇರೂದಿಲ್ಲ, ಖಾನಾವಳಿನೂ ಇರೂದಿಲ್ಲ."

೭.೩ ಬಾಯವ್ವ ಅವರು ಸೊಸೆಗೆ ಉತ್ತರಿಸದೆ ಗೌರೀಶ ಅವರಿಗೆ ಹೇಳಿದ್ದು ಹೀಗಿರುತ್ತದೆ: "ಸಾಹೇಬ್ರ, ನೀವು ಹೊಲಸೈತಿ ಅಂತನ ಬರೀರಿ. ಇದ್ದದ್ದ ಬರದ್ರ ನಾ ಬ್ಯಾಸರಾ ಮಾಡ್ಕೋಳೂದಿಲ್ಲ. ಇಕಿ ಭಾಳ ಓಡ್ಯಾಡ್ಯಾಳ, ನನಗ ಗೊತ್ತೈತಿ. ಆದ್ರ ನಮ್ಮ ಮನಿಯವ್ರು ಇನ್ನೂ ಗಾಳ್ಯಾಗ ಅದಾರ. ಕಾಲಿಗೆ ನೆಲಾ ಹತ್ತಿಲ್ಲ. ಅವರಿಗೆ ಕಾಲೂರಾಕ ಜಾಗಾ ಸಿಗೂ ತನಕ ನಾ ಇಲ್ಲಿ ನೆಲಾ ಹ್ಯಾಂಗ ಹೊಡೀಲಿ?"

೭.೪ ಇದನ್ನು ಕೇಳಿದ ಗೌರೀಶ ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಹೊರಗೆ ಬೇವಿನ ಮರದ ಕೆಳಗೆ ಹೋಗಿ, ಮೊಬೈಲು ತೆಗೆದು ಮಾತಾಡಿದ್ದನ್ನು ಈ ಇಲಾಖೆಯ ಸಿಬ್ಬಂದಿ ಕರ್ತವ್ಯದ ಮೇಲೆ ಕೇಳಿಸಿಕೊಂಡಿರುತ್ತಾರೆ. "ಯವ್ವಾ, ನಾನು. ಕಿತ್ತೂರ ಮುಟ್ಟೇನಿ. ಹೂಂ, ಆಗಳೆ ಮುಟ್ಟೇನಿ, ಹೇಳೂದು ಮರತೆ. ಇನ್ನೂ ಹಂಗ ಕುಂತೀಯೇನು? ಹೊಡಿ, ಕಸಾ ಹೊಡಿ ಇನ್ನ."

೭.೫ ಇದನ್ನು ಕಂಡ ಇಬ್ಬರು ಸಹಾಯಕರೂ ಬೇರೆ ಬೇರೆ ಗೋಡೆಗಳ ಕಡೆ ಮುಖ ಮಾಡಿ ತಮ್ಮ ತಮ್ಮ ಮನೆಗೆ ಫೋನ್ ಮಾಡಿರುತ್ತಾರೆ. ಒಬ್ಬರಿಗೆ ಬೈಲಹೊಂಗಲದಿಂದ ಬೈಗುಳ ದೊರೆತಿರುತ್ತದೆ. ಇನ್ನೊಬ್ಬರ ಪತ್ನಿ ಸವದತ್ತಿಯಿಂದ, ತಾವು ಬೆಳಿಗ್ಗೆಯೇ, ಅವರು ಓಣಿ ದಾಟುವಷ್ಟರಲ್ಲಿ, ಕಸ ಹೊಡೆದಾಗಿದೆಯೆಂದು ತಿಳಿಸಿರುತ್ತಾರೆ. ಸದರಿ ಸಹಾಯಕರು ಉಳಿದ ದಿನವೆಲ್ಲ ಮಂಕಾಗಿದ್ದುದು ಕಂಡುಬಂದಿದೆ.

೭.೬ ನಂತರ ಗೌರೀಶ ಅವರು ಒಳಗೆ ಬಂದು, "ತಪಾಸಣಿ ಅರ್ಧಕ್ಕ ನಿಂತೈತಿ. ಅಜ್ಜಾರು ಮುಟ್ಟಿದ ಮ್ಯಾಲ ಉಳದದ್ದು. ಆದ್ರ ನಾ ಇವತ್ತ ವರದಿ ಕೊಡಬೇಕು. ದೀಪಾ ಹಚ್ಚೂದ್ರಾಗ ಫೋನ್ ಬರಲಿಲ್ಲಂದ್ರ ಕಂಡದ್ದ ಬರದು ಹೋಗಾಂವ. ಆಡು ಸೈತ," ಎಂದು ಪ್ರಕಟಿಸಿರುತ್ತಾರೆ. ಬಾಯವ್ವ ಅವರು ಶುಕ್ರವಾರವೇ ಬಡಿದಿಟ್ಟಿದ್ದ ಖಡಕ್ ರೊಟ್ಟಿಯ ಊಟವನ್ನು ಬೇವಿನ ಮರದ ಕೆಳಗೆ ಬಡಿಸಲಾಯಿತು. ಇಲಾಖೆಯ ಸಿಬ್ಬಂದಿಯು ತಂಡದೊಂದಿಗೆ ಸಹಕರಿಸಿ ಎರಡೆರಡು ರೊಟ್ಟಿ ಹೆಚ್ಚಿಗೆ ಉಂಡಿರುತ್ತಾರೆ.

೮. ಕಾಯುವ ಕುರಿತು

೮.೧ ಮುಟ್ಟಿದ ಸುದ್ದಿಗೆ ಕಾಯುವವರು ಮೊಬೈಲನ್ನು ಪದೇ ಪದೇ ನೋಡತಕ್ಕದ್ದಲ್ಲ. ಶನಿವಾರ ಹೊತ್ತು ಇಳಿಯುತ್ತಿದ್ದಂತೆ ಮಹಾದೇವ ಮೊಬೈಲನ್ನು ನೋಡುತ್ತಿದ್ದರು, ನಾಗರತ್ನಾ ಮಹಾದೇವರನ್ನು ನೋಡುತ್ತಿದ್ದರು, ಗೌರೀಶ ಅವರು ಬಿಸಿಲನ್ನು ನೋಡುತ್ತಿದ್ದರು. ಬಾಯವ್ವ ಅವರು ಯಾರನ್ನೂ ನೋಡದೆ, ಹೊಸ್ತಿಲ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಮಧ್ಯಾಹ್ನ ಅವರು ಉಂಡಿರಲಿಲ್ಲವೆಂಬುದು ತಟ್ಟೆ ಎತ್ತುವಾಗ ಗೊತ್ತಾಯಿತು.

೮.೨ ಈ ನಡುವೆ ರಸ್ತೆಯ ಮೇಲಿಂದ ವಿಮಾನವೊಂದು ಹಾದುಹೋದದ್ದನ್ನು ಕಂಡು, "ಇದು ಅವರದಲ್ಲಲ್ಲ?" ಎಂದು ಬಾಯವ್ವ ಅವರು ಮೆಲ್ಲಗೆ ಕೇಳಿದ್ದು, "ಅಲ್ಲರಿ ಯವ್ವಾ, ಇದು ಎಲ್ಲೋ ಬ್ಯಾರೆ ಊರಿಂದು," ಎಂದು ಗೌರೀಶ ಅವರೇ ಉತ್ತರಿಸಿರುತ್ತಾರೆ. ಇಂಥ ಸಂದರ್ಭದಲ್ಲಿ ಅಧಿಕಾರಿಗಳು ನಗತಕ್ಕದ್ದಲ್ಲ. ಅವರು ನಕ್ಕಿರುವುದಿಲ್ಲ.

೮.೩ ನೆರಳು ರಸ್ತೆ ದಾಟಿ ಆಚೆ ಬದಿಯ ಗೋಡೆ ಹತ್ತುವ ಹೊತ್ತಿಗೆ ಮಹಾದೇವ ಅವರ ಮೊಬೈಲು ರಿಂಗಣಿಸಿರುತ್ತದೆ. ಮೊದಲು ಉಮಾಶ್ರೀ ಅವರ ದನಿ: "ಅವ್ವಾ, ಅಪ್ಪ ಬಂದ. ಇಮಾನ ಬಂದು ಭಾಳ ಹೊತ್ತಾತು, ಒಳಗ ಗಂಟು ಬಿಚ್ಚಿಸಿ ನೋಡಾಕತ್ತಿದ್ರು." ಆ ದೇಶದಲ್ಲಿ ಪರಸ್ಥಳದ ತಿನಿಸನ್ನು ತಪಾಸಣೆ ಮಾಡದೆ ಒಳಗೆ ಬಿಡುವುದಿಲ್ಲವೆಂದು ತಿಳಿದುಬಂದಿದೆ. ಅಂದರೆ ಒಂದೇ ದಿನ, ಭೂಮಿಯ ಎರಡು ತುದಿಯಲ್ಲಿ, ಬಾಯವ್ವ ಅವರ ಅಡುಗೆಯೇ ತಪಾಸಣೆಯಲ್ಲಿತ್ತು.

೮.೪ ನಂತರ ದುಂಡಪ್ಪನವರ ದನಿ, ಓಣಿಗೆಲ್ಲ ಕೇಳುವಂತೆ: "ಮುಟ್ಟೇನಿ. ರೊಟ್ಟಿ ಬಿಟ್ರು, ಕರದಂಟ ಬಿಟ್ರು. ಉಪ್ಪಿನಕಾಯಿ ಹಿಡಕೊಂಡಾರ."

"ಚಾ ಆತೇನ್ರಿ?"

"ಇನ್ನಾ ಇಲ್ಲ. ಇಲ್ಲಿ ನಡರಾತ್ರಿ ಆಗೇತಿ."

"ಕುಡೀರಿ ಮದಲ," ಎಂದು ಹೇಳಿ ಬಾಯವ್ವ ಅವರು ಮೊಬೈಲನ್ನು ಮಗನಿಗೆ ಕೊಟ್ಟಿರುತ್ತಾರೆ. ಖಂಡಿಕೆ ೩(ಈ)ಯ ಎಲ್ಲ ಅಂಶಗಳು ಪೂರೈಸಿದ್ದು, ಮುಟ್ಟುವಿಕೆಯನ್ನು ಸ್ವೀಕರಿಸಲಾಗಿದೆ.

೯. ಕಸ ಹೊಡೆಯುವ ಕುರಿತು

೯.೧ ಬಾಯವ್ವ ಅವರು ಬೆಳಗಿನಿಂದ ಮೊದಲ ಬಾರಿಗೆ ಹೊಸ್ತಿಲು ಬಿಟ್ಟು ಎದ್ದಿರುತ್ತಾರೆ. ಕಾಲು ಜೋಮು ಹಿಡಿದ ಕಾರಣ ಗೋಡೆ ಹಿಡಿದು ನಿಂತು, ಮೂಲೆಯ ಬರಿಗಿಯನ್ನು ತಾವೇ ಎತ್ತಿ ಸೊಸೆಯ ಕೈಗೆ ಕೊಟ್ಟು, "ತಗೋ ನಾಗವ್ವಾ. ಲಗು ಹೊಡಿ. ನಿನ್ನ ಬಸ್ಸು ನಿಂತೈತಿ," ಎಂದಿರುತ್ತಾರೆ.

೯.೨ ದೀಪ ಹಚ್ಚಲು ಹೆಚ್ಚು ಹೊತ್ತು ಉಳಿದಿರದ ಕಾರಣ, ಆವರಣದಲ್ಲಿದ್ದ ಎಲ್ಲರೂ ಏಕಕಾಲಕ್ಕೆ ಬೆಂಚುಗಳ ಮೇಲೆ ಕಾಲೆತ್ತಿ ಕುಳಿತಿರುತ್ತಾರೆ: ಗೌರೀಶ ಅವರು ಬೂಟು ಕೈಯಲ್ಲಿ ಹಿಡಿದು, ಸಹಾಯಕರು ಆಡನ್ನು ತೊಡೆಯ ಮೇಲಿಟ್ಟುಕೊಂಡು, ಇಲಾಖೆಯ ಸಿಬ್ಬಂದಿ ಕಡತಗಳನ್ನು ತಲೆಯ ಮೇಲೆ ಹೊತ್ತು. ನಾಗರತ್ನಾ ಅವರು ಕಸ ಹೊಡೆದ ವೇಗವನ್ನು ವಿಮಾನಕ್ಕೆ ಹೋಲಿಸಲು ಇಲಾಖೆಯ ಬಳಿ ಉಪಕರಣವಿರುವುದಿಲ್ಲ. ಒಮ್ಮೆ ಮಾತ್ರ ಅವರು ನಡುವೆ ನಿಂತು ಕಣ್ಣೊರೆಸಿಕೊಂಡಿದ್ದು, ಧೂಳಿನ ಕಾರಣ ಎಂದು ದಾಖಲಿಸುವಂತೆ ಅವರೇ ತಿಳಿಸಿರುತ್ತಾರೆ. ಹಾಗೆಯೇ ದಾಖಲಿಸಲಾಗಿದೆ.

೯.೩ ಗೌರೀಶ ಅವರು ನೆಲದ ಸ್ವಚ್ಛತೆಯ ಮುಂದೆ "ನನ್ನ ಕಣ್ಣ ಮುಂದೆಯೇ ಹೊಡೆದಿದ್ದಾರೆ" ಎಂದು ಬರೆದು ಸಹಿ ಮಾಡಿರುತ್ತಾರೆ. ಮುಂದಿನ ತಿಂಗಳಿನಿಂದ ಬಸ್ಸುಗಳು ಸದರಿ ಖಾನಾವಳಿಯಲ್ಲಿ ಊಟಕ್ಕೆ ನಿಲ್ಲುವುದು ನಿಶ್ಚಯವಾಗಿರುತ್ತದೆ. ಬಸ್ಸು ನಿಂತ ಕೂಡಲೇ ಪ್ರಯಾಣಿಕರು ಕೈ ತೊಳೆಯುವ ಮುಂಚೆ ಮನೆಗೆ ಫೋನ್ ಮಾಡಿ "ಕಿತ್ತೂರ ಮುಟ್ಟೇನಿ" ಎನ್ನತಕ್ಕದ್ದೆಂದು ತೊಳೆಯುವ ತೊಟ್ಟಿಯ ಮೇಲೆ ಫಲಕ ಹಾಕಲು ಸೂಚಿಸಲಾಗಿದೆ.

೧೦. ಈ ಸುತ್ತೋಲೆಯನ್ನು ಶನಿವಾರ ಬೆಳಿಗ್ಗೆಯೇ ಹೊರಡಿಸಿದ್ದರೆ ಪ್ರಕರಣವು ಬೇಗ ಇತ್ಯರ್ಥವಾಗುತ್ತಿತ್ತೆಂದು ಕೆಲವರು ಅಭಿಪ್ರಾಯಪಟ್ಟಿರುತ್ತಾರೆ. ಸುತ್ತೋಲೆಗೆ ಕೂಡ ಹೊರಡುವ ಹೊತ್ತು, ಮುಟ್ಟುವ ಹೊತ್ತು ಬೇರೆ ಬೇರೆಯಾಗಿರುತ್ತವೆಂದು ಅವರಿಗೆ ತಿಳಿಯಪಡಿಸಲಾಗಿದೆ.

ಸಹಿ/-
(ಪಾಂಡುರಂಗ ಗೋ. ಕಟ್ಟಿ)
ಪ್ರಭಾರ ಅಧಿಕಾರಿ
ದೂರ, ಅವಧಿ ಹಾಗೂ ನೆಲದ ವಿಷಯಗಳು
ಕ್ಯಾಂಪ್: ಬೇವಿನ ಮರದ ಕೆಳಗೆ, ಕಿತ್ತೂರು

ಪ್ರತಿಗಳು:

೧. ಶ್ರೀ ದುಂಡಪ್ಪ, ಸದ್ಯ ಆಕ್ಲೆಂಡ್, ಇವರಿಗೆ: ತಾವು ಮುಟ್ಟಿರುತ್ತೀರಿ ಎಂದು ಈ ಮೂಲಕ ದೃಢೀಕರಿಸಲಾಗಿದೆ.

೨. ಶ್ರೀ ಮಹಾದೇವ, ಗಲ್ಲೆ, ಇವರಿಗೆ: ಟಿಕೇಟನ್ನು ಒಮ್ಮೆ ಓದಲು.

೩. ಶ್ರೀ ಗೌರೀಶ ಅವರ ತಾಯಿಯವರಿಗೆ, ರಾಮದುರ್ಗ: ತಮ್ಮಲ್ಲಿ ಕ್ರಮ ಈಗಾಗಲೇ ಜರುಗಿರುವುದರಿಂದ ಕೇವಲ ಮಾಹಿತಿಗಾಗಿ.

೪. ಸಹಾಯಕರ ಪತ್ನಿಯವರಿಗೆ, ಸವದತ್ತಿ: ಇದು ಕಾರಣ ಕೇಳುವ ನೋಟಿಸು ಅಲ್ಲ. ಆದಾಗ್ಯೂ.

೫. ಶ್ರೀ ಪರಶು, ಪಂಕ್ಚರ್ ಅಂಗಡಿ, ಇವರಿಗೆ: ಆಡನ್ನು ಮರಳಿ ಒಯ್ಯಲು. ಮುಂದಿನ ಮೂರು ತಿಂಗಳು ಯಾವ ವಾರ ಯಾವ ತಾರೀಖು ಎಂದು ಖಾನಾವಳಿಯವರಿಗೆ ಬಾಯಿಂದ ತಿಳಿಸುತ್ತಿರಲು.

೬. ಜಾಲತಾಣಕ್ಕೆ: ದೂರದ ಕೆಳಗೆ, ದಪ್ಪ ಅಕ್ಷರದಲ್ಲಿ, "ಮುಟ್ಟಿದ ಕೂಡಲೇ ಮನೆಗೆ ತಿಳಿಸಿರಿ" ಎಂದು ಸೇರಿಸುವ ಕುರಿತು ಪರಿಶೀಲಿಸಲು.

೭. ಶ್ರೀಮತಿ ಉಮಾಶ್ರೀ, ಆಕ್ಲೆಂಡ್, ಇವರಿಗೆ: ತಂದೆಯವರು ಊರಿಗೆ ಹೊರಟ ದಿನ ಅವರು ಕಿತ್ತೂರು ಮುಟ್ಟುವ ತನಕ ತಮ್ಮ ಮನೆಯಲ್ಲಿಯೂ ಕಸ ಹೊಡೆಯತಕ್ಕದ್ದಲ್ಲ. ತಮ್ಮ ಮನೆಯಲ್ಲಿ ನಿಗದಿತ ಹೊತ್ತಾದ ಕೂಡಲೇ ತಾನಾಗಿಯೇ ಎದ್ದು ಕೋಣೆ ಕೋಣೆ ತಿರುಗಿ ಕಸ ಹೊಡೆಯುವ ಯಂತ್ರವೊಂದಿದ್ದು, ಅದಕ್ಕೆ ಈ ರೂಢಿಯನ್ನು ತಿಳಿಹೇಳುವುದು ಹೇಗೆಂದು ತಾವು ಫೋನಿನಲ್ಲಿ ತಾಯಿಯವರನ್ನು ಕೇಳಿದ್ದೀರಿ. ಈ ಬಗ್ಗೆ ಇಲಾಖೆಯು ಮಾರ್ಗಸೂಚಿ ಸಿದ್ಧಪಡಿಸುವ ಮುಂಚೆಯೇ, ಆಕಳ ಕಟ್ಟುವ ಹಗ್ಗದಿಂದ ಅದನ್ನು ಮಂಚದ ಕಾಲಿಗೆ ಕಟ್ಟಿ ನೋಡಿದ್ದು, ಹಗ್ಗ ಗಟ್ಟಿಯಾಗಿಯೇ ನಿಂತಿತೆಂದು ತಾವೇ ಮರುಕರೆ ಮಾಡಿ ತಿಳಿಸಿರುವುದನ್ನು ಬಾಯವ್ವ ಅವರು ಅನುಮೋದಿಸಿರುತ್ತಾರೆ.